ಮೂರನೆಯ ಡಬ್ಬಿಯ ವಾರಸುದಾರನಿಲ್ಲದ ವಾಕ್ಯ

ಪಾರಿಶ್ವಾಡ
೧೪ ಡಿಸೆಂಬರ್ ೨೦೨೫, ರವಿವಾರ

ಶ್ರೀಮತ್ ಸಕಲ ಜರ್ಮನ್ ವಾಙ್ಮಯ ಸಮುದ್ರವನ್ನು ಸೆರಗು ನೆನೆಯದಂತೆ ದಾಟಿದ ಧೀರೆ, ವಿಮರ್ಶಾ ಸಿದ್ಧಾಂತ ಸಿಂಹಾಸನಾಧೀಶ್ವರಿ, ಅಖಿಲ ಖಾನಾಪುರ ತಾಲೂಕಾ ಪಾಂಡಿತ್ಯ ಕಿರೀಟಮಣಿ, ಏಳು ಕುಂದಾ ಡಬ್ಬಿಗಳ ಏಕೈಕ ಒಡತಿ, ಪಾರಿಶ್ವಾಡದ ಕನ್ನಡ ಸಾಲಿಯ ಎರಡನೆಯ ಸಾಲಿನ ಬೆಂಚಿನಿಂದ ಹೊರಟು ಲೈಪ್‌ಜಿಗ್ ನಗರದ ಪ್ರಾಧ್ಯಾಪಕ ಪೀಠದವರೆಗೆ ದಿಗ್ವಿಜಯ ಮಾಡಿದ ಪ್ರೊಫೆಸರ್ ಡಾಕ್ಟರ್ ಪ್ರಮಿಳಾ ಗುರುಪುತ್ರಪ್ಪ ಇವರ ದಿವ್ಯ ಸನ್ನಿಧಿಗೆ, ಖಾನಾಪುರ ತಹಶೀಲ್ದಾರ ಕಚೇರಿಯ ಎದುರಿನ ಓಂಕಾರ ಝೆರಾಕ್ಸ್, ಲ್ಯಾಮಿನೇಶನ್ ಹಾಗೂ ಆನ್‌ಲೈನ್ ಅರ್ಜಿ ಕೇಂದ್ರದ ಸರ್ವಾಧಿಕಾರಿಯೂ ತಮ್ಮ ಏಕಮಾತ್ರ ಸಹೋದರನೂ ಆದ ಓಂಕಾರನು ಮಾಡುವ ಅನಂತ ಶರಣು ಶರಣಾರ್ಥಿಗಳು.

ಅಕ್ಕಾ, ತಡವಾಯಿತು, ಕ್ಷಮಿಸು. ಬಿರುದು ಬರೆಯುವುದರಲ್ಲೇ ಹೊತ್ತು ಹೋಯಿತು ಅಂದರೆ ನೀನು ನಂಬುವವಳಲ್ಲ. ನಿನ್ನ ಮೇಲ್ ಬಂದು ಇಂದಿಗೆ ಇಪ್ಪತ್ತೆರಡು ದಿನ. ಅಷ್ಟೂ ದಿನ ನಾನು ಸುಮ್ಮನೆ ಕೂತಿರಲಿಲ್ಲ. ದಿನಕ್ಕೆ ಹತ್ತು ಅಫಿಡವಿಟ್ ಟೈಪ್ ಮಾಡುವ ಕೈ ಇದು. ಒಂದು ಪ್ರಕರಣವನ್ನು ಹೇಗೆ ನಡೆಸಬೇಕು ಅಂತ ನನಗೆ ಗೊತ್ತು. ಮೊದಲು ವಿಷಯ, ಆಮೇಲೆ ಉಲ್ಲೇಖ, ಕಡೆಗೆ ವರದಿ.

ವಿಷಯ: ಮೂರನೆಯ ಡಬ್ಬಿಯ ಒಂದು ಚೀಟಿಯಲ್ಲಿರುವ ವಾಕ್ಯದ ವಾರಸುದಾರರನ್ನು ಪತ್ತೆ ಹಚ್ಚುವ ಕುರಿತು.

ಉಲ್ಲೇಖ: ತಮ್ಮ ೨೨ ನವೆಂಬರ್ ತಾರೀಖಿನ ಮೇಲ್.

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ಅರಿಕೆ ಮಾಡಿಕೊಳ್ಳುವುದೇನೆಂದರೆ, ಸದರಿ ವಾಕ್ಯ ಇದು: “ಕಾಯುವವನು ಪತ್ರ ಓದುವುದಿಲ್ಲ, ಪತ್ರ ತರುವವನ ಮುಖ ಓದುತ್ತಾನೆ.” ನವೆಂಬರ್ ಏಳರಂದು ನೀನು ಪ್ರೊಫೆಸರ್ ಆಗಿ ಮಾಡಿದ ಮೊದಲ ಉಪನ್ಯಾಸ ಶುರುವಾದದ್ದು ಈ ವಾಕ್ಯದಿಂದ. ಮೊದಲು ಕನ್ನಡದಲ್ಲಿ ಹೇಳಿ, ಆಮೇಲೆ ಜರ್ಮನ್‌ಗೆ ತಿರುಗಿಸಿದೆ. ಹಳೆಯ ಜರ್ಮನ್ ಕಾದಂಬರಿಗಳಲ್ಲಿ ಪತ್ರಕ್ಕಾಗಿ ಕಾಯುವ ಜನರ ಬಗ್ಗೆ ನೀನು ಹತ್ತು ವರ್ಷದಿಂದ ಬರೆಯುತ್ತಿರುವ ಪುಸ್ತಕದ ಮೂರನೆಯ ಅಧ್ಯಾಯ ಪೂರ್ತಿ ಇದರ ಮೇಲೆ ನಿಂತಿದೆ. ಜನವರಿ ಹತ್ತಕ್ಕೆ ಪುಸ್ತಕ ಅಚ್ಚಿಗೆ ಹೋಗಬೇಕು. ಆದರೆ ವಾಕ್ಯ ಯಾರದು ಅಂತ ನಿನಗೇ ಗೊತ್ತಿಲ್ಲ.

ಊರಲ್ಲಿದ್ದಾಗ ಓದಿದ್ದನ್ನೆಲ್ಲ ಚೀಟಿಯಲ್ಲಿ ಬರೆದು ಖಾಲಿ ಮಿಠಾಯಿ ಡಬ್ಬಿಗಳಲ್ಲಿ ಜೋಡಿಸುತ್ತಿದ್ದ ನಿನ್ನ ಪದ್ಧತಿ ನನಗೆ ಬಾಯಿಪಾಠ. ಬೇರೆಯವರ ಮಾತಾದರೆ ಚೀಟಿಯ ತಲೆಯ ಮೇಲೆ ಅವರ ಹೆಸರು ಮತ್ತು ಪುಟ. ನಿನ್ನದೇ ವಿಚಾರವಾದರೆ ಮೂಲೆಯಲ್ಲಿ ಕೆಂಪು ಚುಕ್ಕಿ. ಸಾವಿರದ ಇನ್ನೂರು ಚೀಟಿಗಳಲ್ಲಿ ಎರಡೂ ಇಲ್ಲದ್ದು ಇದೊಂದೇ. ೨೦೧೯ರ ಬೇಸಿಗೆಯಲ್ಲಿ ಊರಿಗೆ ಬಂದಾಗ ಡಬ್ಬಿಗಳ ಫೋಟೋ ತೆಗೆದುಕೊಂಡು ಹೋದೆ, ವಾಕ್ಯ ಇಷ್ಟವಾಯಿತು, ಅದನ್ನು ಹಿಡಿದು ಅಧ್ಯಾಯ ಬೆಳೆಸಿದೆ. ಈಗ ಪುಸ್ತಕದ ಸಂಪಾದಕಿ ಮೂಲ ಎಲ್ಲಿ ಅಂತ ಕೇಳಿದ್ದಾಳೆ. “ಅಕ್ಷರ ನನ್ನದೇ, ಆದರೆ ಬರೆದ ನೆನಪಿಲ್ಲ. ನನ್ನದಲ್ಲದ್ದನ್ನು ನನ್ನದು ಅಂತ ಅಚ್ಚು ಹಾಕಿಸಲಾರೆ. ಮೂಲ ಸಿಗದಿದ್ದರೆ ಅಧ್ಯಾಯವನ್ನೇ ತೆಗೆಯುತ್ತೇನೆ. ನೀನೇ ಹುಡುಕಬೇಕು, ಓಂಕಾರ” ಅಂತ ನೀನು ಬರೆದಿದ್ದೀ. ಬೇರೆ ಯಾರಾದರೂ ಆಗಿದ್ದರೆ ಒಂದು ಕೆಂಪು ಚುಕ್ಕಿ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದರು. ನೀನು ಅಧ್ಯಾಯವನ್ನೇ ಬಿಡುತ್ತೇನೆ ಅನ್ನುತ್ತೀ. ನಮ್ಮ ಮನೆತನದ ಹಟ ಜರ್ಮನಿಯಲ್ಲೂ ತುಕ್ಕು ಹಿಡಿದಿಲ್ಲ.

ತನಿಖೆಗೆ ಮೊದಲು ಉಪನ್ಯಾಸದ ದಿನದ ಸುದ್ದಿ. ನೀನು ಆ ಕಡೆ ನಿಂತಿದ್ದೆ, ಈ ಕಡೆಯದು ನಿನಗೆ ಕಾಣಲಿಲ್ಲ. ಮಧ್ಯಾಹ್ನ ಮೂರೂವರೆಗೆ ನಾನು ಪಡಸಾಲೆಯ ಟೀವಿಗೆ ಲ್ಯಾಪ್‌ಟಾಪ್ ಜೋಡಿಸಿದೆ. ಹಿಂದಿನ ದಿನ ಅಪ್ಪ ಓಣಿಗೆಲ್ಲ ಹೇಳಿಬಂದಿದ್ದರು. ನಲವತ್ತೊಂದು ಜನ ಸೇರಿದರು. ನೀನು ಕನ್ನಡದಲ್ಲಿ ಆ ಒಂದು ವಾಕ್ಯ ಹೇಳಿದಾಗ ಪಡಸಾಲೆ ಒಮ್ಮೆಗೇ ಗಪ್ಪಾಯಿತು. ಮುಂದಿನ ಐವತ್ತು ನಿಮಿಷ ಯಾರಿಗೂ ಒಂದಕ್ಷರ ತಿಳಿಯಲಿಲ್ಲ, ಆದರೆ ಒಬ್ಬರೂ ಎದ್ದು ಹೋಗಲಿಲ್ಲ. ನೀನು ನೀರು ಕುಡಿದಾಗ ಇವರು ಚಪ್ಪಾಳೆ ತಟ್ಟಿದರು. ಯಾರೋ ಬಿಳಿಗೂದಲಿನವರು ಪ್ರಶ್ನೆ ಕೇಳಿದಾಗ, ನಮ್ಮ ಹುಡುಗಿಗೆ ಅಡ್ಡ ಮಾತಾಡುತ್ತಿದ್ದಾನೆ ಅಂತ ತಿಳಿದು ಎರಡು ಮೂರು ಜನ ಅವರನ್ನು ಬೈದರು.

ಬಾಜೂಮನೆ ಭರಮಪ್ಪ ಕಾಕಾ ಕೊನೆಗೂ ತಡೆಯಲಾರದೆ, ಇಷ್ಟೊತ್ತು ಮಗಳು ಏನು ಹೇಳುತ್ತಿದ್ದಾಳೆ ಅಂತ ಅಪ್ಪನನ್ನು ಕೇಳಿಯೇಬಿಟ್ಟರು. ಅಪ್ಪ ಗಂಟಲು ಸರಿಮಾಡಿಕೊಂಡರು. ನಾನು ಹೆದರಿದೆ. ಅಪ್ಪ ಹೇಳಿದ್ದು ಇಷ್ಟು:

“ಕಬ್ಬಿನ ಗಾಡಿ ತೂಗಿಸುವಾಗ ನಾವ ಏನ ನೋಡ್ತೇವಿ? ತೂಕದ ಅಂಕಿ ನೋಡ್ತೇವಿ. ಇಕಿ ಹೇಳೂದು, ಅಂಕಿ ಆಮ್ಯಾಲ ನೋಡ್ರಿ, ಮೊದಲ ಕಾಟಾ ಯಾರದು ನೋಡ್ರಿ ಅಂತ. ಪುಸ್ತಕಕ್ಕೂ ಅದ ಮಾತು. ಯಾರ ಬರದ್ರು, ಯಾರ ಸಲುವಾಗಿ ಬರದ್ರು, ಓದಿದವ್ರು ಯಾರ, ಓದಾಕ ಸಿಗಲಾರದವ್ರು ಯಾರ. ಇಷ್ಟ ಐತಿ.”

ಅಕ್ಕಾ, ವಿಮರ್ಶಾ ಸಿದ್ಧಾಂತ ಅಂದರೇನು ಅಂತ ನೀನು ನನಗೆ ಮೂರು ಸಲ ಬಿಡಿಸಿ ಹೇಳಿದ್ದೀ, ಮೂರು ಸಲವೂ ನಾನು ತಿಳಿದವನ ಹಾಗೆ ಗೋಣು ಆಡಿಸಿದ್ದೇನೆ. ತಿಳಿದದ್ದು ಆವತ್ತು. ಭರಮಪ್ಪ ಕಾಕಾ, “ಹಂಗಾರ ಇಕೀನ್ನ ಒಮ್ಮೆ ನಮ್ಮ ಫ್ಯಾಕ್ಟರಿ ಕಾಟಾದ ಹಂತೇಕ ಕರಕೊಂಡ ಬರ್ರಿ” ಅಂದರು. ನಿನ್ನ ಮುಂದಿನ ಸಂಶೋಧನೆ ನಿಶ್ಚಯವಾದಂತೆ.

ಈಗ ತನಿಖೆ. ನಿನ್ನ ಮೇಲ್ ಓದಿ ಅಟ್ಟದಿಂದ ಡಬ್ಬಿಗಳನ್ನು ಇಳಿಸಿಕೊಳ್ಳಲು ಹೋದೆ. ಅಟ್ಟ ಖಾಲಿ. ಏಳೂ ಡಬ್ಬಿ ದೇವರ ಕೋಣೆಯ ಮುಂದೆ ಇದ್ದವು. ಚೀಟಿಗಳೆಲ್ಲ ಚಾಪೆಯ ಮೇಲೆ. ನಡುವೆ ಅವ್ವ, ಚಷ್ಮಾ ಹಾಕಿಕೊಂಡು.

ನಡೆದದ್ದೇನೆಂದರೆ, ಏಪ್ರಿಲ್‌ನಲ್ಲಿ ನನ್ನ ಲಗ್ನ ಇದೆಯಲ್ಲ, ಅವ್ವನಿಗೆ ಕರೆಯಬೇಕಾದವರ ಪಟ್ಟಿ ಬೇಕಿತ್ತು. ನಮ್ಮನ್ನು ಕರೆದವರನ್ನು ನಾವು ಕರೆಯದೆ ಬಿಟ್ಟರೆ ಏಳು ಜನ್ಮದ ಮಾತು ಬರುತ್ತದೆ. ಯಾರು ಯಾರು ಕರೆದಿದ್ದರು ಅನ್ನುವ ದಾಖಲೆ ಈ ಮನೆಯಲ್ಲಿ ಇರುವುದು ಒಂದೇ ಕಡೆ: ನಿನ್ನ ಚೀಟಿಗಳ ಬೆನ್ನಲ್ಲಿ. ಲಗ್ನಪತ್ರಿಕೆಗಳನ್ನು ನಡುವೆ ಕತ್ತರಿಸಿ, ಖಾಲಿ ಬದಿಯಲ್ಲಿ ಟಿಪ್ಪಣಿ ಬರೆದು, ಕುಂದಾ ಡಬ್ಬಿಯಲ್ಲಿ ಜೋಡಿಸುವ ಸಂಶೋಧನಾ ವಿಧಾನವನ್ನು ಕಂಡುಹಿಡಿದವಳು ನೀನೇ. ಫಲ ಅನುಭವಿಸು. ಅವ್ವ ಅಷ್ಟನ್ನೂ ತಿರುಗಿಸಿ ಹಾಕಿ ಬೀಗರು, ಬಳಗ, ಓಣಿಯವರು, ಬೈಲಹೊಂಗಲದ ಕಡೆಯವರು ಅಂತ ವಿಂಗಡಿಸಿಬಿಟ್ಟಿದ್ದಳು. ವರನ ಅರ್ಧವನ್ನು ನೀನು ಎರಡನೆಯ ಡಬ್ಬಿಗೂ ವಧುವಿನ ಅರ್ಧವನ್ನು ಆರನೆಯದಕ್ಕೂ ಹಾಕಿದ್ದೆಯಲ್ಲ, ಅಂಥ ಎಷ್ಟೋ ದಂಪತಿಗಳನ್ನು ಅವ್ವ ಮತ್ತೆ ಕೂಡಿಸಿದ್ದಾಳೆ.

ನಾನು ತಲೆಯ ಮೇಲೆ ಕೈ ಹೊತ್ತು, ಇದು ಅಕ್ಕನ ಏಳು ವರ್ಷದ ವಿಚಾರ, ಎಲ್ಲ ಕಲಸಿಬಿಟ್ಟೆಯಲ್ಲ ಅಂದೆ.

ಅವ್ವ ತಲೆ ಎತ್ತಲಿಲ್ಲ. “ವಿಚಾರ ಹಿಂದಿನ ಬಾಜು ಐತೆಲ್ಲೊ, ಅದು ಹಂಗ ಐತಿ. ನಾ ಮುಂದಿನ ಬಾಜು ಅಷ್ಟ ಜೋಡ್ಸೇನಿ.”

ಗಾಬರಿಯಾಗಬೇಡ. ಪ್ರತಿ ಚೀಟಿಯ ಕೆಳಗೆ ನೀನು ಡಬ್ಬಿಯ ಸಂಖ್ಯೆ ಬರೆದಿದ್ದರಿಂದ ಬದುಕಿದೆವು. ಅವ್ವನ ಪಟ್ಟಿ ಮುಗಿದ ಮೇಲೆ ಒಂದೊಂದಾಗಿ ವಾಪಸ್ ಹಾಕಿ, ಎರಡೂ ಬದಿ ಸ್ಕ್ಯಾನ್ ಮಾಡಿದ್ದೇನೆ. ಆಗ ಓದಿದೆ. ಜರ್ಮನ್ ತಿಳಿಯಲಿಲ್ಲ, ನೀನು ಕನ್ನಡದಲ್ಲಿ ಬರೆದುಕೊಂಡದ್ದು ತಿಳಿಯಿತು. ನಿನ್ನ ಸ್ವಂತ ವಿಚಾರಗಳೆಲ್ಲ ಕನ್ನಡದಲ್ಲಿವೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ “ನನಗೆ ಇದು ತಿಳಿಯಲಿಲ್ಲ, ನಾಳೆ ಮತ್ತೆ ಓದಬೇಕು” ಅಂತ ಬರೆದು ಅದಕ್ಕೂ ಕೆಂಪು ಚುಕ್ಕಿ ಇಟ್ಟಿದ್ದೀ. ಅಂಥವು ಎಪ್ಪತ್ತಾರು ಇವೆ, ಎಣಿಸಿದೆ. ಏಳನೆಯ ಡಬ್ಬಿಯಲ್ಲಿ ಒಂದೂ ಇಲ್ಲ. ಅಂಗಡಿಗೆ ಬಂದವರಿಗೆ, ಜಾತಿ ಪ್ರಮಾಣಪತ್ರಕ್ಕೆ ಬಂದವರಿಗೂ, ಇದನ್ನು ಹೇಳುತ್ತಿದ್ದೇನೆ. ಅವರು ಅರ್ಜಿ ಬೇಗ ತುಂಬು ಅನ್ನುತ್ತಾರೆ.

ಮೊದಲ ಸಂಶಯ ಬಾಳಕೃಷ್ಣ ಸರ್ ಮೇಲೆ. ನಿನಗೆ ಮೊದಲ ಜರ್ಮನ್ ಅಕ್ಷರ ಕಲಿಸಿದವರು ಅವರು, ತರಗತಿಯಲ್ಲಿ ಯಾವಾಗಲೋ ಅಂದ ಮಾತನ್ನು ನೀನು ಬರೆದುಕೊಂಡಿರಬಹುದು. ಚೀಟಿಯ ಝೆರಾಕ್ಸ್ ಹಿಡಿದು ಬೆಳಗಿನ ರೈಲಿನಲ್ಲಿ ಬೆಳಗಾವಿಯ ಟಿಳಕವಾಡಿಗೆ, ಅವರ ಮನೆಗೆ ಹೋದೆ. ದೇಸೂರ ದಾಟುವಾಗ ನಿನ್ನ ನೆನಪಾಗಿ ನಗು ಬಂತು. ಕ್ರಿಯಾಪದ ಬಾಯಿಪಾಠ ಮಾಡುತ್ತ ಬೆಳಗಾವಿಯೇ ಬಂತೆಂದು ದೇಸೂರಿನಲ್ಲಿ ಇಳಿದು, ಕ್ಲಾಸು ತಪ್ಪಿಸಬಾರದು ಅಂತ ಹಾಲಿನ ಟೆಂಪೋ ಹತ್ತಿ ಟಿಳಕವಾಡಿ ಮುಟ್ಟಿದ ಮಹಾನುಭಾವೆ ನೀನು. ಅದೇ ದೇಸೂರಿನ ಸಪ್ನಾಳ ಜೊತೆ ಈಗ ನನ್ನ ಲಗ್ನ ಗೊತ್ತಾಗಿದೆ. ನಾನಾದರೂ ಸರಿಯಾದ ನಿಲ್ದಾಣದಲ್ಲೇ ಇಳಿದೆ.

ಸರ್‌ಗೆ ಈಗ ಎಂಬತ್ತೊಂದು. ಬಾಗಿಲು ತೆಗೆದವರು ಮೊದಲು ನಿನ್ನ ಉಪನ್ಯಾಸದ ಮಾತನ್ನೇ ತೆಗೆದರು. ಮೂರು ಸಲ ಕೇಳಿದ್ದಾರಂತೆ. ಉಚ್ಚಾರದಲ್ಲಿ ಎರಡು ತಪ್ಪು ಸಿಕ್ಕಿವೆಯಂತೆ, ಹೇಳಬೇಡ ಅಂದಿದ್ದಾರೆ. ಮೊದಲ ವರ್ಷ ನೀನು ಒಂದೂ ಪ್ರಶ್ನೆ ಕೇಳಲಿಲ್ಲವಂತೆ. ಎರಡನೆಯ ವರ್ಷ ನೀನು ಕೇಳಿದ್ದಕ್ಕೆ ಅವರಲ್ಲಿ ಉತ್ತರ ಇರಲಿಲ್ಲವಂತೆ. ಆವತ್ತೇ ನಿನ್ನ ದೊಡ್ಡ ವಿಶ್ವವಿದ್ಯಾಲಯದ ಅರ್ಜಿಗೆ ಶಿಫಾರಸು ಪತ್ರ ಬರೆದದ್ದು ಅಂದರು. ಝೆರಾಕ್ಸ್ ಇಟ್ಟುಕೊಂಡು, ನಾಲ್ಕು ದಿನ ಬಿಟ್ಟು ಬಾ ಅಂದರು. ಹೋದಾಗ ಟೇಬಲ್ ತುಂಬ ಪುಸ್ತಕ, ಕೈಯಲ್ಲಿ ಭೂತಗನ್ನಡಿ.

“ನಂದಲ್ಲಪ್ಪ ಇದು,” ಅಂದರು. “ನಾ ಓದಿದ ಯಾವ ಪುಸ್ತಕದಾಗೂ ಇಲ್ಲ, ಹುಡುಕಿ ನೋಡೇನಿ. ಪುಸ್ತಕ ಓದಿದವರು ಹಿಂಗ ಬರಿಯೂದಿಲ್ಲ, ಓಂಕಾರ. ಯಾರೋ ಬಾಗಲಾಗ ನಿಂತು ಬರದದ್ದದ ಇದು.”

ನಾನು ಚಹಾ ಕುಡಿದು ಬಂದೆ.

ಎರಡನೆಯ ಸಂಶಯ ಅಪ್ಪನ ಮೇಲೆ. ಕಾಟಾದ ಭಾಷಣ ಕೇಳಿದ ಮೇಲೆ ಸಂಶಯ ಬಾರದಿದ್ದರೆ ನಾನು ತನಿಖಾಧಿಕಾರಿಯೇ ಅಲ್ಲ. ಅಪ್ಪ ಚೀಟಿಯನ್ನು ದೂರ ಹಿಡಿದು ಎರಡು ಸಲ ಓದಿದರು. “ನಂದಲ್ಲ. ನಂದ ಆಗಿದ್ರ ಇಷ್ಟ ವರ್ಷ ಬಾಯಿ ಮುಚಗೊಂಡ ಕೂಡ್ತಿದ್ನೇನು?” ಅಂದರು. ವಾದ ಗಟ್ಟಿಯಾಗಿತ್ತು, ಖುಲಾಸೆ ಮಾಡಿದೆ. ಹೊರಗೆ ಹೋದವರು ತಿರುಗಿ ಬಂದು, ಕಡೆಗೂ ಯಾರೂ ಸಿಗದಿದ್ದರೆ ತಮ್ಮ ಹೆಸರು ಹಾಕಲು ಅಡ್ಡಿಯಿಲ್ಲ, ಪ್ರಮಿಗೆ ಹಾಗಂತ ತಿಳಿಸು ಅಂದರು. ತಿಳಿಸಿದ್ದೇನೆ.

ಪ್ರಕರಣವನ್ನು ಮುಂದಕ್ಕೆ ಒಯ್ದದ್ದು ನಾನಲ್ಲ, ಅವ್ವ. ಮೊನ್ನೆ ಗುರುವಾರ ಜೋಳದ ಹಿಟ್ಟು ಜರಡಿ ಹಿಡಿಯುತ್ತ, ಆ ಚೀಟಿ ಒಂದು ತಾ ನೋಡೋಣ ಅಂದಳು. ನಾವೆಲ್ಲ ಇಪ್ಪತ್ತು ದಿನ ವಾಕ್ಯ ಓದುತ್ತಿದ್ದೆವು. ಅವ್ವ ವಾಕ್ಯದ ಕಡೆ ನೋಡಲೇ ಇಲ್ಲ. ಕೈ ಒರೆಸಿಕೊಂಡು ಚೀಟಿ ತಿರುವಿದಳು.

“ಇದು ಭರಮಪ್ಪನ ದೊಡ್ಡ ಮಗಳ ಲಗ್ನದ್ದು. ಬಸವ ಜಯಂತಿ ಆದಮ್ಯಾಲ ಆಗಿತ್ತಲ್ಲ, ಎರಡ ಸಾವಿರದ ಹದಿನಾಕರಾಗ. ಪ್ರಮಿ ಹೋಗಿದ್ದು ಅದ ವರ್ಷ ಶಿವರಾತ್ರಿ ಮುಗದ ಮರುವಾರ. ಈ ಕಾರ್ಡ ಮನಿಗೆ ಬಂದಾಗ ಅಕಿ ಇಲ್ಲಿರಲೇ ಇಲ್ಲಲ್ಲೊ.”

ಗಮನಿಸು, ಪ್ರೊಫೆಸರ್. ಸಂಪಾದಕಿ, ನಿವೃತ್ತ ಅಧ್ಯಾಪಕರು, ಒಂದು ಅರ್ಜಿ ಕೇಂದ್ರ ಸೇರಿ ಮಾಡಲಾಗದ್ದನ್ನು ಹಿಟ್ಟಿನ ಕೈಯವಳು ಒಂದು ನಿಮಿಷದಲ್ಲಿ ಮಾಡಿದಳು. ನೀನು ಊರು ಬಿಟ್ಟಮೇಲೆ ಅಚ್ಚಾದ ಪತ್ರಿಕೆಯ ಹಿಂದೆ ನೀನು ಬರೆದಿರಲು ಸಾಧ್ಯವಿಲ್ಲ. ಆರು ನೂರು ಲಗ್ನಗಳ ತಾರೀಖು ತಲೆಯಲ್ಲಿಟ್ಟುಕೊಂಡ ಇಂಥ ವಿದ್ವಾಂಸೆ ನಿಮ್ಮ ಊರಲ್ಲಿ ಇದ್ದರೆ ತೋರಿಸು.

ಅವ್ವ ಆಮೇಲೆ ಚೀಟಿಯನ್ನು ಮತ್ತೆ ತಿರುವಿ ಅಕ್ಷರ ನೋಡಿದಳು. “ಅಕ್ಷರ ಅಕಿದ ಐತಿ. ಬರದಾಕಿ ಅಕಿ ಅಲ್ಲ” ಅಂದಳು. ಚೀಟಿ ನನ್ನ ಕೈಗೆ ಕೊಟ್ಟು ಒಂದು ಗಳಿಗೆ ನನ್ನನ್ನೇ ನೋಡಿ ಜರಡಿ ಎತ್ತಿಕೊಂಡಳು.

ಆದಕಾರಣ ವರದಿಯ ಸಾರಾಂಶ: ವಾಕ್ಯ ಯಾವ ಜರ್ಮನ್ ಲೇಖಕನದೂ ಅಲ್ಲ, ಯಾವ ಪುಸ್ತಕದ್ದೂ ಅಲ್ಲ, ಪ್ರೊಫೆಸರ್ ಅವರದ್ದೂ ಅಲ್ಲ. ೨೦೧೪ರ ಬೇಸಿಗೆಯಲ್ಲಿ ಪಾರಿಶ್ವಾಡದ ಈ ಮನೆಯೊಳಗೆ ಬರೆದದ್ದು. ಮೂಲ ಚೀಟಿಯನ್ನು ಈ ಪತ್ರದ ಜೊತೆ ಇಟ್ಟಿದ್ದೇನೆ, ಲ್ಯಾಮಿನೇಶನ್ ಮಾಡಿ. ಬೇಡ ಅನ್ನುತ್ತೀಯೆಂದು ಗೊತ್ತಿತ್ತು, ಅದಕ್ಕೇ ಕೇಳದೆ ಮಾಡಿದೆ.

ಉಳಿದಂತೆ ಎಲ್ಲ ಕ್ಷೇಮ. ಏಪ್ರಿಲ್ ಇಪ್ಪತ್ತಾರಕ್ಕೆ ನೀನು ಬರಲೇಬೇಕು. ಅಕ್ಕನಿಲ್ಲದ ಲಗ್ನದಲ್ಲಿ ನನ್ನ ಚೇಷ್ಟೆಯನ್ನು ತಡೆಯುವವರು ಯಾರು? ಸಪ್ನಾ ನಿನ್ನ ಉಪನ್ಯಾಸವನ್ನು ದೇಸೂರಿನಲ್ಲಿ ತನ್ನ ಮನೆಯವರಿಗೆಲ್ಲ ತೋರಿಸಿದಳಂತೆ. ನಮ್ಮ ಪತ್ರಿಕೆ ಅಚ್ಚಿಗೆ ಕೊಡುವಾಗ, ಹಿಂದಿನ ಬದಿಯಲ್ಲಿ ಹೂವು ಬಳ್ಳಿ ಏನೂ ಬೇಡ, ಅಕ್ಕನವರಿಗೆ ಬರೆಯಲಿಕ್ಕೆ ಜಾಗ ಬೇಕಾಗುತ್ತದೆ ಅಂತ ಅವಳೇ ಹೇಳಿದಳು. ಅಚ್ಚು ಹಾಕುವವನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡ. ಐನೂರು ಪತ್ರಿಕೆ, ಬೆನ್ನು ಖಾಲಿ. ಉಳಿದದ್ದೆಲ್ಲ ನಿನಗೆ.

ಅಪ್ಪ ಅವ್ವ ಆಶೀರ್ವಾದ ಹೇಳಿದ್ದಾರೆ. ಬಾಳಕೃಷ್ಣ ಸರ್ ಆಶೀರ್ವಾದದ ಜೊತೆ ಎರಡು ಉಚ್ಚಾರದ ತಪ್ಪುಗಳನ್ನೂ ಕಳಿಸುವವರಿದ್ದರು, ನಾನು ತಡೆದೆ. ಬಸವಣ್ಣ ನಿನ್ನನ್ನು ಗಟ್ಟಿಯಾಗಿಟ್ಟಿರಲಿ. ನಿನಗೆ ತಿಳಿಯದೇ ಇದ್ದದ್ದರ ಡಬ್ಬಿ ಎಂದೂ ಪೂರ್ತಿ ಖಾಲಿಯಾಗದಿರಲಿ.

ತಮ್ಮ ಆಜ್ಞಾಧಾರಕನೂ
ತನಿಖಾಧಿಕಾರಿಯೂ ಆದ ತಮ್ಮ,
ಓಂಕಾರ

ತಾ.ಕ.: ಅಕ್ಕಾ, ವಾಕ್ಯ ನನ್ನದು.

ಆ ವರ್ಷ ನಾನು ಪಿಯುಸಿ ಮೊದಲ ವರ್ಷದಲ್ಲಿ ಫೇಲಾಗಿದ್ದೆ. ಫೋನಿನ ಮಾತು ಗಾಳಿಗೆ ಹೋಗುತ್ತದೆ ಅಂತ ಅಪ್ಪ ಅಂದಿದ್ದಕ್ಕೆ ನೀನು ತಿಂಗಳಿಗೊಂದು ಕಾಗದ ಬರೆಯುತ್ತಿದ್ದೆ. ಅಪ್ಪನಿಗೆ ಎರಡು ಪುಟ, ಅವ್ವನಿಗೆ ಎರಡು ಪುಟ, ಸರ್‌ಗೆ ಬೇರೆ ಲಕೋಟೆ. ಕೊನೆಯಲ್ಲಿ ಒಂದು ಸಾಲು, ಓಂಕಾರಗೆ ಅಭ್ಯಾಸ ಮಾಡಾಕ ಹೇಳ್ರಿ. ನಾನು ಯಾರಿಗೂ ಹೇಳದೆ ನಿನಗೆ ನಾಲ್ಕು ಪುಟ ಬರೆದು ಹಾಕಿದ್ದೆ. ಅದು ನಿನಗೆ ಮುಟ್ಟಿತೋ ಇಲ್ಲವೋ ಗೊತ್ತಿಲ್ಲ, ಈಗ ಕೇಳುತ್ತಲೂ ಇಲ್ಲ. ಉತ್ತರ ಬರುತ್ತದೆ ಅಂತ ಇಡೀ ಬೇಸಿಗೆ ಓಣಿಯ ತುದಿಯಲ್ಲಿ ನಿಲ್ಲುತ್ತಿದ್ದೆ. ಟಪಾಲು ತರುವ ಸಾತಪ್ಪ ಸೈಕಲ್ ಇಳಿಯುವ ಮೊದಲೇ ನನಗೆ ತಿಳಿದುಬಿಡುತ್ತಿತ್ತು. ಪಾಪ, ಕೊನೆಕೊನೆಗೆ ಆತ ನನ್ನನ್ನು ಕಂಡರೆ ಮುಖ ಆಚೆ ತಿರುಗಿಸುತ್ತಿದ್ದ.

ಭರಮಪ್ಪ ಕಾಕಾನ ಪತ್ರಿಕೆ ಕತ್ತರಿಸಿ ನಿನ್ನ ಅಕ್ಷರ ನಕಲು ಮಾಡಿದ್ದು ಚೇಷ್ಟೆಗೆ. ಬಂದಾಗ ನಿನಗೆ ಸಿಗಲಿ, ತಲೆ ಕೆರೆದುಕೊಳ್ಳಲಿ ಅಂತ. ಕೆಂಪು ಚುಕ್ಕಿಯ ಅರ್ಥ ಆಗ ಗೊತ್ತಿರಲಿಲ್ಲ, ಪುಟ ಸಂಖ್ಯೆ ಬರೆಯಲು ಪುಟ ಇರಲಿಲ್ಲ. ಅದು ಒಂದು ದಿನ ಲೈಪ್‌ಜಿಗ್‌ನಲ್ಲಿ ನಿನ್ನ ಬಾಯಿಂದ ಬರುತ್ತದೆ ಅಂತ ನಾನೇನು ಕನಸು ಕಂಡಿದ್ದೆನೆ? ಆವತ್ತು ಪಡಸಾಲೆ ಗಪ್ಪಾದಾಗ ನಾನು ವೈರ್ ಸರಿಮಾಡುವವನ ಹಾಗೆ ಟೀವಿಯ ಹಿಂದೆ ಹೋಗಿ ಕೂತೆ.

ಅಧ್ಯಾಯ ತೆಗೆಯಬೇಡ. ಅದರಲ್ಲಿ ನನ್ನದು ಒಂದು ಸಾಲು, ನಿನ್ನದು ನಲವತ್ತು ಪುಟ.

ಇನ್ನೊಂದು ಮಾತು. ಯಾರು ಬರೆದದ್ದು ಅಂತ ನಿನ್ನ ಮೇಲ್‌ನ ಎರಡನೆಯ ಸಾಲು ಓದುವಾಗಲೇ ನನಗೆ ಗೊತ್ತಾಗಿತ್ತು. ಟಿಳಕವಾಡಿ, ಅಪ್ಪನ ವಿಚಾರಣೆ, ಎಲ್ಲ ಆಮೇಲಿನದು. ಆದರೆ ಅದು ನೀನು ನನಗೊಬ್ಬನಿಗೇ ಬರೆದ ಮೊದಲ ಪತ್ರ. ಉತ್ತರ ಕೊಟ್ಟುಬಿಟ್ಟರೆ ನೀನು ಮತ್ತೆ ಅವ್ವನಿಗೇ ಬರೆಯುತ್ತೀ ಅಂತ, ಇಪ್ಪತ್ತೆರಡು ದಿನ ಹುಡುಕಿದೆ.